ರೇಷ್ಮೆಯ ಚರ್ಮ ಎಂಬ ಸುದ್ದಿ

ನಾವು ರೇಷ್ಮೆಯಿಂದ ಚರ್ಮ ಮಾಡಿರಲಿಲ್ಲ. ಈ ಮಾತನ್ನು ನಾನು ಕನ್ನಡದಲ್ಲೂ ತೆಲುಗಿನಲ್ಲೂ, ಮನೆಯ ಜಗಲಿಯ ಮೇಲೂ ಬಸ್ಸಿನ ಸೀಟಿನಲ್ಲೂ ಎಷ್ಟೋ ಜನರಿಗೆ ಹೇಳಿದೆ. ಅವರೆಲ್ಲ ನನ್ನ ಮುಖ ನೋಡಿ, ಇವಳು ಏನನ್ನೋ ಬಚ್ಚಿಡುತ್ತಿದ್ದಾಳೆ ಎಂದುಕೊಂಡೇ ಎದ್ದುಹೋದರು.

ನಮ್ಮ ಪ್ರಯೋಗಾಲಯದಲ್ಲಿ ಮಾಡುತ್ತಿದ್ದದ್ದು ಒಂದು ಬಗೆಯ ಸ್ಪಂಜು. ರೇಷ್ಮೆಗೂಡನ್ನು ಕತ್ತರಿಸಿ, ಒಳಗಿನ ಹುಳ ತೆಗೆದು, ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಎಳೆಗೆ ಮೆತ್ತಿಕೊಂಡ ಅಂಟು ಬಿಟ್ಟುಕೊಳ್ಳುತ್ತದೆ. ಉಳಿಯುವುದು ಹತ್ತಿಯಂಥ ಬಿಳಿ ನಾರು. ಅದು ಅಪ್ಪಟ ಪ್ರೋಟೀನು. ಅದನ್ನು ಲವಣದ ಬಿಸಿ ದ್ರಾವಣದಲ್ಲಿ ಕರಗಿಸಿ, ತೆಳು ಪೊರೆಯ ಚೀಲಕ್ಕೆ ತುಂಬಿ, ಶುದ್ಧ ನೀರಿನಲ್ಲಿ ಮುಳುಗಿಸಿಟ್ಟು, ಆ ನೀರನ್ನು ಮತ್ತೆ ಮತ್ತೆ ಬದಲಿಸುತ್ತಿದ್ದೆವು. ಲವಣ ಹೊರಗೆ ಹೋಗುತ್ತಿತ್ತು, ಪ್ರೋಟೀನು ಚೀಲದಲ್ಲೇ ಉಳಿಯುತ್ತಿತ್ತು. ಆಮೇಲೆ ಅಚ್ಚಿಗೆ ಹೊಯ್ದು, ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಯಂತ್ರದಲ್ಲಿ ಒಣಗಿಸಿದರೆ ಬೆಂಡಿನಷ್ಟು ಹಗುರವಾದ ಬಿಲ್ಲೆಗಳು ಕೈಗೆ ಬರುತ್ತಿದ್ದವು. ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಕಟ್ಟಡ ಕಟ್ಟುವಾಗ ಸುತ್ತ ಸಾರವೆ ಕಟ್ಟುತ್ತಾರಲ್ಲ, ಇದೂ ಹಾಗೆಯೇ. ಗಾಯದೊಳಗೆ ಇಟ್ಟರೆ ಸುತ್ತಲಿನ ಜೀವಕೋಶಗಳು ಆ ತೂತುಗಳೊಳಗೆ ಹತ್ತಿ, ನೆಲೆನಿಂತು, ಹೊಸ ಮಾಂಸ ಕಟ್ಟಬೇಕು. ಕೆಲಸ ಮುಗಿದ ಮೇಲೆ ಸಾರವೆ ತಾನಾಗಿ ಕರಗಬೇಕು. ಕಟ್ಟಬೇಕು, ಕರಗಬೇಕು. ನಮ್ಮ ಸಂಶೋಧನೆಯೆಲ್ಲ ಇನ್ನೂ ಆ ‘ಬೇಕು’ಗಳಲ್ಲೇ ಇತ್ತು.

ಇಲಿಗಳ ಬೆನ್ನಿನ ಮೇಲೆ ಸಣ್ಣ ಗಾಯ ಮಾಡಿ ಬಿಲ್ಲೆ ಇಟ್ಟು ನೋಡುತ್ತಿದ್ದೆವು. ಕೆಲವು ಇಲಿಗಳಲ್ಲಿ ಗಾಯ ಚೆನ್ನಾಗಿ ತುಂಬಿಕೊಂಡಿತು. ಕೆಲವಕ್ಕೆ ಕೀವಾಯಿತು. ಇನ್ನು ಕೆಲವು ಬಿಲ್ಲೆಗಳು ಒದ್ದೆಯಾದೊಡನೆ ಮುದುಡಿ ಗಾಯದ ಅಂಚಿನಿಂದ ಎದ್ದು ನಿಂತವು. ಒಣಗಿದ ಬಿಲ್ಲೆಯನ್ನು ಮದ್ಯಸಾರದಲ್ಲಿ ನೆನೆಸಿದರೆ ಅದು ಗಟ್ಟಿಯಾಗುತ್ತಿತ್ತು, ಆದರೆ ಗಟ್ಟಿಯಾದದ್ದು ಬೆರಳ ಗೆಣ್ಣಿನಂತೆ ಬಾಗುವ ಜಾಗದಲ್ಲಿ ಬಿರಿಯುತ್ತಿತ್ತು. ಮೆತ್ತಗೆ ಬಿಟ್ಟರೆ ಹರಿದು ಚೂರಾಗುತ್ತಿತ್ತು. ಈ ಎರಡರ ನಡುವಿನ ಹದ ಹುಡುಕುವುದರಲ್ಲೇ ನಾನು ಸಿಕ್ಕಿಕೊಂಡಿದ್ದೆ.

ಗೂಡು ಬರುತ್ತಿದ್ದದ್ದು ನಮ್ಮ ಮನೆಯಿಂದ. ಆಂಧ್ರದ ಗಡಿಯ ಮಡಕಶಿರಾ ತಾಲ್ಲೂಕಿನಲ್ಲಿ, ರೊಳ್ಳದ ಹತ್ತಿರ, ಅಪ್ಪ ಹಿಪ್ಪುನೇರಳೆ ಹಾಕಿ ಹುಳ ಸಾಕುತ್ತಿದ್ದರು. ನನ್ನ ಕೆಲಸಕ್ಕೆಂದು ಅವರು ಒಂದೊಂದು ಬೆಳೆಯಲ್ಲೂ ಒಳ್ಳೆಯ ಗೂಡನ್ನೇ ಆರಿಸಿ ತೆಗೆದಿಡುತ್ತಿದ್ದರು. ಮಗಳು ಅದರಲ್ಲಿ ಏನು ಮಾಡುತ್ತಾಳೆಂದು ಗೂಡಿನ ಮಾರುಕಟ್ಟೆಯಲ್ಲಿ ಯಾರೋ ಕೇಳಿದಾಗ ಅವರಿಗೆ ತೋಚಿದಂತೆ ಹೇಳಿದ್ದಾರೆ. ಅಲ್ಲಿ ತೆಲುಗು ಪತ್ರಿಕೆಯ ವರದಿಗಾರನೊಬ್ಬ ಇದ್ದ. ಎರಡು ದಿನಕ್ಕೆ ಜಿಲ್ಲೆಯ ಪುಟದಲ್ಲಿ ನನ್ನ ಕಾಲೇಜಿನ ಫೋಟೋ ಹಾಕಿ, ಪಟ್ಟುವಿನಿಂದ, ಎಂದರೆ ರೇಷ್ಮೆಯಿಂದ, ಚರ್ಮ ಮಾಡಿದ ಮಡಕಶಿರಾ ಯುವತಿ, ಸುಟ್ಟ ಗಾಯಕ್ಕೆ ಇನ್ನು ಆಪರೇಷನ್ ಬೇಡ ಎಂದು ಬರೆದಿದ್ದರು.

ನಾನು ವರದಿಗಾರನಿಗೆ ಫೋನು ಮಾಡಿದೆ. “ಮಂಚಿ ವಾರ್ತೇ ಕದಾ ಮೇಡಂ, ಎವರಿಕಿ ನಷ್ಟಂ?” ಅಂದ. ಒಳ್ಳೆಯ ಸುದ್ದಿಯೇ ಅಲ್ಲವಾ, ಯಾರಿಗೆ ನಷ್ಟ? ತಿದ್ದುಪಡಿ ಹಾಕುತ್ತೇನೆಂದ, ಹಾಕಲಿಲ್ಲ.

ಯಾರಿಗೆ ನಷ್ಟ ಎಂಬುದು ನನಗೂ ಆಗ ಗೊತ್ತಿರಲಿಲ್ಲ. ಗೂಡು ತರಲು ಊರಿಗೆ ಹೋದ ಶನಿವಾರ ಗೊತ್ತಾಯಿತು.

ಜಗಲಿಯ ತುಂಬ ಜನ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರು, ಹಾಸಿಗೆ ಹಿಡಿದ ಅತ್ತೆಯ ಬೆನ್ನಿನ ಹುಣ್ಣಿಗೆ ಔಷಧಿ ಕೇಳಲು ಬಂದ ಸೊಸೆ, ಹೀಗೆ. ಅಪ್ಪ ಅವರಿಗೆಲ್ಲ ಮಜ್ಜಿಗೆ ಕೊಡುತ್ತ ಓಡಾಡುತ್ತಿದ್ದರು. ಮುಖದಲ್ಲಿ ಮದುವೆ ಮನೆಯ ಕಳೆ.

“ಬಾಮ್ಮ, ನಿನ್ಗೇ ಕಾಯ್ತಾ ಕುಂತವ್ರೆ.”

ನಾನು ಒಬ್ಬೊಬ್ಬರ ಮುಂದೆಯೂ ಕೂತು ಹೇಳಿದೆ. ಇದು ಇನ್ನೂ ಪರೀಕ್ಷೆಯಲ್ಲಿದೆ, ಮನುಷ್ಯರಿಗೆ ಹಾಕಿಲ್ಲ, ಹಾಕಬಾರದು, ಆಸ್ಪತ್ರೆಗೆ ಹೋಗಿ. ಒಬ್ಬ ಮುದುಕರು ನನ್ನ ಕಾಲು ಮುಟ್ಟಲು ಬಗ್ಗಿದರು. ನಾನು ಹಿಂದಕ್ಕೆ ಸರಿದ ರಭಸಕ್ಕೆ ಬೆನ್ನು ಕಂಬಕ್ಕೆ ಬಡಿಯಿತು. ನನ್ನ ತಾತನ ವಯಸ್ಸಿನವರು. ಆ ಹೊತ್ತಿನಲ್ಲಿ ನನಗೆ ನನ್ನ ಓದಿನ ಬಗ್ಗೆಯೇ ಹೇಸಿಗೆಯಾಯಿತು.

ಎಲ್ಲರೂ ಹೋದ ಮೇಲೂ ಒಬ್ಬ ಹೆಂಗಸು ಎದ್ದಿರಲಿಲ್ಲ. ನನ್ನದೇ ವಯಸ್ಸು. ಪಕ್ಕದಲ್ಲಿ ಅವಳ ತಾಯಿ. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ ಎಂದು ಬಸ್ಸು ಬದಲಿಸುತ್ತ ಬಂದಿದ್ದರು. ಕಣೇಕಲ್ಲಿನ ಹತ್ತಿರದ ಹಳ್ಳಿಯವರು. ಮಗಳು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಘಟಕವೊಂದರಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ. ಇಸ್ತ್ರಿಯ ಹಬೆ ಕೊಳವೆ ಬಿಚ್ಚಿಕೊಂಡು ಅವಳ ಬಲಗೈಯ ಹಿಂಬದಿಗೆ ಹೊಡೆದಿತ್ತು.

ಅವಳು ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿದಳು. ಮಣಿಕಟ್ಟಿನಿಂದ ಬೆರಳ ಮೊದಲ ಗೆಣ್ಣಿನವರೆಗೆ ಕೆಂಪು ಮಾಂಸ. ಕಿರುಬೆರಳೂ ಅದರ ಪಕ್ಕದ ಬೆರಳೂ ಆಗಲೇ ಹಿಂದಕ್ಕೆ ಸೆಳೆದುಕೊಂಡಿದ್ದವು.

“ಆಸ್ಪತ್ರೆಗೆ ತೋರಿಸಿಲ್ವಾ?” ಎಂದೆ.

“ತೋರಿಸೀವ್ರಿ. ಬಳ್ಳಾರ್‍ಯಾಗ ಹದಿನೈದ್ ದಿನ ಇದ್ವಿ,” ಎಂದರು ತಾಯಿ. “ತೊಡಿ ಚರ್ಮ ತಗದು ಕೈಗೆ ಹಚ್ಚತೀವಿ ಅಂದ್ರು. ದಿನಾನೂ ಹೇಳಿದ್ರು. ಅಷ್ಟ್ರಾಗ ಪೇಪರ್‍ನ್ಯಾಗ ನಿಮ್ದು ಬಂತ್ರಿ. ಬರ್ದು ಕೊಟ್ಟು ಬಂದುಬಿಟ್ವಿ.”

ಬರೆದುಕೊಟ್ಟು ಬಂದಿದ್ದರು. ವೈದ್ಯರು ಬೇಡವೆಂದರೂ ನಮ್ಮ ಜವಾಬ್ದಾರಿಯಲ್ಲಿ ಹೋಗುತ್ತೇವೆ ಎಂದು ಹೆಬ್ಬೆಟ್ಟು ಒತ್ತಿ, ನಿಗದಿಯಾಗಿದ್ದ ಆಪರೇಷನ್ ಬಿಟ್ಟು, ನನ್ನ ಫೋಟೋ ನೋಡಿ ಬಂದಿದ್ದರು. ಆಮೇಲೆ ನಮ್ಮ ಊರು ಯಾವುದೆಂದು ಹುಡುಕುವುದರಲ್ಲಿ, ನಾನು ಊರಿಗೆ ಬರುವುದನ್ನು ಕಾಯುವುದರಲ್ಲಿ ವಾರಗಳೇ ಹೋಗಿದ್ದವು. ಸುಟ್ಟ ಕೈಗೆ ಆ ವಾರಗಳೆಂದರೆ ಏನೆಂದು ನನಗೆ ಪುಸ್ತಕದಲ್ಲಿ ಓದಿ ಗೊತ್ತಿತ್ತು. ತೆರೆದ ಗಾಯ ತಾನೇ ಮುಚ್ಚಿಕೊಳ್ಳಲು ಅಂಚುಗಳನ್ನು ಎಳೆದುಕೊಳ್ಳುತ್ತದೆ, ಜೊತೆಗೆ ಬೆರಳುಗಳನ್ನೂ ಎಳೆಯುತ್ತದೆ.

ನಾನು ಅದೇ ಮಾತುಗಳನ್ನು ಮತ್ತೆ ಹೇಳಿದೆ. ಇಲಿಗಳ ಮೇಲಷ್ಟೇ ನೋಡಿದ್ದೇವೆ ಎಂದೆ.

ಮಗಳು ತಲೆ ಎತ್ತಿದಳು. “ಇಲಿಗೆ ಹಚ್ಚೀರಲ್ರಿ, ನಂಗೂ ಹಚ್ರಿ. ನಾ ಇಲಿಗಿಂತ ಕಡಿಮಿ ಏನ್ರಿ?”

ಅಪ್ಪ ನನ್ನ ತೋಳು ಹಿಡಿದು ಒಳಗೆ ಕರೆದರು. ಅಪ್ಪನಿಗೆ ತೋರಿಸಲೆಂದು ನಾನು ಒಂದು ಡಬ್ಬಿಯಲ್ಲಿ ಕೆಲವು ಬಿಲ್ಲೆ ತಂದಿದ್ದೆ. ಅದು ಅವರಿಗೆ ಗೊತ್ತಿತ್ತು.

“ಬ್ಯಾಗಲ್ಲಿ ಐತಲ್ಲಮ್ಮ. ಒಂದು ತುಣುಕು ಇಟ್ರೆ ಏನಾಯ್ತದೆ? ಅಷ್ಟು ದೂರದಿಂದ ಬಂದವ್ರೆ.”

“ಕೀವಾದ್ರೆ ಕೈನೇ ಹೋಗುತ್ತಪ್ಪ.”

“ವಾಸಿಯಾದ್ರೆ?”

ನನ್ನನ್ನು ಕಾಡಿದ್ದು ಆ ಪ್ರಶ್ನೆಯೇ. ಒಂದು ಕ್ಷಣ ನಾನೂ ಲೆಕ್ಕ ಹಾಕಿದೆ. ಬಿಲ್ಲೆಯನ್ನು ಮದ್ಯಸಾರದಲ್ಲಿ ಅದ್ದಿ ಶುದ್ಧ ಮಾಡಬಹುದು, ಕೈಗವಸು ತರಿಸಬಹುದು. ಆಮೇಲೆ ಕೀವಾಗಿ ಸತ್ತ ಇಲಿಗಳು ಕಣ್ಣ ಮುಂದೆ ಬಂದವು. ಹೊರಗೆ ಬಂದು, “ಆಗಲ್ಲ. ದಯವಿಟ್ಟು ನಾಳೆಯೇ ಬಳ್ಳಾರಿಗೆ ಹೋಗಿ,” ಎಂದೆ.

ಅವಳು ಒಂದೇ ಕೈಯಲ್ಲಿ ಬಟ್ಟೆ ಸುತ್ತಿಕೊಳ್ಳತೊಡಗಿದಳು. ನಾನು ಸಹಾಯಕ್ಕೆ ಕೈ ಚಾಚಿದರೆ ತನ್ನ ಕೈ ಸರಿಸಿದಳು.

“ದೊಡ್ಡೋರಿಗಂತ ಇಟ್ಟೀರಿ, ಅಲ್ರಿ? ಇರ್ಲಿ ಬಿಡ್ರಿ.”

ತಾಯಿಯೂ ಮಗಳೂ ಹೋದರು. ಅಪ್ಪ ಮಜ್ಜಿಗೆ ಲೋಟಗಳನ್ನು ತೊಳೆಯಲು ಕೂತರು. ನಾನು ಅವರನ್ನು ಬೈದೆ. ಮಾರುಕಟ್ಟೆಯಲ್ಲಿ ನಿಂತು ನನ್ನ ಹೆಸರು ಮಾರಿಬಿಟ್ಟೆ ನೀನು ಎಂದೆ. ಇನ್ನೂ ಕೆಟ್ಟದಾಗಿಯೇ ಬೈದೆ. ಅವರು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದರು. ಪತ್ರಿಕೆಯ ಆ ಪುಟದ ಒಂದು ಪ್ರತಿಯನ್ನು ನಾನೂ ನನ್ನ ಚೀಲದಲ್ಲಿ ಮಡಿಸಿಟ್ಟುಕೊಂಡಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಪ್ರಯೋಗಾಲಯಕ್ಕೆ ಮರಳಿದ ಮೇಲೆ ನನ್ನ ಸಂಶೋಧನೆಯ ಮಾರ್ಗದರ್ಶಕರಿಗೆ ಎಲ್ಲ ಹೇಳಿದೆ. ಅವರು ಸಮಾಧಾನದ ಮನುಷ್ಯರು. “ಬಿಲ್ಲೆ ಕೊಡದೆ ಸರಿಯಾದದ್ದನ್ನೇ ಮಾಡಿದ್ದೀರಿ. ಅಲ್ಲಿಗೆ ಬಿಡಿ,” ಎಂದರು. ಬಿಡಲು ನೋಡಿದೆ. ಆ ವಾರ ಅಂಟು ತೆಗೆಯಲು ಇಟ್ಟ ನಾರನ್ನು ಹೆಚ್ಚು ಕುದಿಸಿ ಹಾಳು ಮಾಡಿದೆ, ಒಂದು ಚೀಲದ ಗಂಟು ಸಡಿಲ ಬಿಟ್ಟು ದ್ರಾವಣವನ್ನೆಲ್ಲ ನೀರುಪಾಲು ಮಾಡಿದೆ. ಬಳ್ಳಾರಿಯ ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದರೆ ಅಂಥವರು ಯಾರೂ ಮತ್ತೆ ಬಂದಿಲ್ಲ ಎಂದರು. ಆಗ ಇದ್ದ ಬಿಲ್ಲೆಗಳಲ್ಲೆಲ್ಲ ಒಳ್ಳೆಯದನ್ನು ಡಬ್ಬಿಗೆ ಹಾಕಿಕೊಂಡು, ರಜೆ ಹೇಳಿ, ರಾಯದುರ್ಗದ ಬಸ್ಸು ಹತ್ತಿದೆ.

ರಾಯದುರ್ಗದಲ್ಲಿ ಒಬ್ಬಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಕೈ ಸುಟ್ಟುಕೊಂಡಾಕಿ ಎಂದರೆ ಎಲ್ಲರಿಗೂ ಗೊತ್ತಿತ್ತು. ಓಣಿಯ ಎರಡೂ ಕಡೆ ಹೊಲಿಗೆ ಯಂತ್ರಗಳ ಸದ್ದು, ಚರಂಡಿಯಲ್ಲಿ ನೀಲಿ ನೀರು. ಘಟಕದ ಒಳಗೆ ಪ್ಯಾಂಟುಗಳ ರಾಶಿಯ ಮುಂದೆ ಹೆಂಗಸರ ಸಾಲು ಕೂತು ಹೊಲಿಗೆಯ ತುದಿಯ ದಾರ ಕತ್ತರಿಸುತ್ತಿತ್ತು. ಅವಳೂ ಅಲ್ಲೇ ಇದ್ದಳು. ಪ್ಯಾಂಟನ್ನು ಮೊಣಕಾಲಿನ ಕೆಳಗೆ ಒತ್ತಿ ಹಿಡಿದು, ಎಡಗೈಯಲ್ಲಿ ಕತ್ತರಿಸುತ್ತಿದ್ದಳು.

ನನ್ನನ್ನು ನೋಡಿದವಳೇ ಎಲ್ಲರಿಗೂ ಕೇಳುವಂತೆ, “ಬಂದ್ರು ನೋಡ್ರೇ, ರೇಷ್ಮಿ ಚರ್ಮದೋರು!” ಎಂದಳು.

ನಕ್ಕವರೂ ಇದ್ದರು, ಕತ್ತರಿ ನಿಲ್ಲಿಸಿ ನೆಟ್ಟಗೆ ನೋಡಿದವರೂ ಇದ್ದರು. ಮೇಸ್ತ್ರಿ ಬಂದು ಯಾರು, ಏನು ಎಂದು ಕೇಳಿದ. ಹೊರಗೆ ಬಾ, ಮಾತಾಡೋಣ ಎಂದರೆ ಅವಳು ಬರಲಿಲ್ಲ. “ಇಲ್ಲೇ ಹೇಳ್ರಿ. ಪೇಪರ್‍ನ್ಯಾಗ ಎಲ್ರಿಗೂ ಹೇಳೀರಲ್ಲ.”

ಅವಳು ಹೇಳಿದ್ದು ನ್ಯಾಯವೇ. ಒಂದು ಲೋಟ ನೀರು ಕೇಳಿದೆ. ಯಾರೋ ಸ್ಟೀಲಿನ ಲೋಟದಲ್ಲಿ ತಂದುಕೊಟ್ಟರು. ಡಬ್ಬಿಯಿಂದ ಬಿಲ್ಲೆ ತೆಗೆದು ಅವಳಿಗೆ ತೋರಿಸಿ, “ನಮ್ಮ ಹತ್ತಿರ ಇರೋದರಲ್ಲಿ ಇದೇ ಎಲ್ಲಕ್ಕಿಂತ ಒಳ್ಳೇದು. ಇದಕ್ಕಿಂತ ಒಳ್ಳೇದನ್ನ ಯಾರಿಗೂ ಇಟ್ಟಿಲ್ಲ,” ಎಂದೆ. ನೀರಿಗೆ ಹಾಕಿದೆ. ಬಿಲ್ಲೆ ನೀರು ಕುಡಿದು ಮಂಜಿನಂತಾಯಿತು. ಹೊರಗೆ ತೆಗೆದು ಅವಳ ಎಡ ಅಂಗೈ ಮೇಲಿಟ್ಟೆ. “ಈಗ ಬೆರಳು ಮಡಿಸು.”

ಅವಳು ಮಡಿಸಿ ಬಿಚ್ಚಿದಳು. ಬಿಲ್ಲೆ ಅಡ್ಡಕ್ಕೆ ಹರಿದಿತ್ತು. ಮತ್ತೊಮ್ಮೆ ಮಡಿಸಿದಳು. ಚೂರಾಯಿತು.

ಎಷ್ಟೋ ತಿಂಗಳ ನನ್ನ ಕೆಲಸ ಅವಳ ಅಂಗೈಯಲ್ಲಿ ಒದ್ದೆ ಬನ್ನಿನ ಚೂರಿನಂತೆ ಬಿದ್ದಿತ್ತು. ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬಳು ಬಗ್ಗಿ ನೋಡಿ, “ಅಯ್ಯ, ಇಷ್ಟೇನಾ?” ಎಂದಳು. ಇಷ್ಟೇ ಎಂದೆ. ಜೀವನದಲ್ಲಿ ಅಷ್ಟು ಸಣ್ಣವಳಾದದ್ದು ನನಗೆ ನೆನಪಿಲ್ಲ. ಅಳು ಬಂದರೆ ಅದೂ ನಾಟಕವಾಗುತ್ತದೆ ಎಂದು ಹಲ್ಲು ಕಚ್ಚಿ ನಿಂತಿದ್ದೆ.

ಅವಳು ಚೂರುಗಳನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ ದನಿ ಇಳಿಸಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: “ತೊಡಿ ತೋರಿಸ್ಬೇಕಂತ್ರಿ. ಎಲ್ಲಾ ಗಂಡಸ್ರ ಡಾಕ್ಟ್ರು. ಅದಕ್ಕ ನಾ ಒಲ್ಲೆ ಅಂದಿದ್ದು. ಅವ್ವಗ ಹೇಳ್ಬ್ಯಾಡ್ರಿ.”

ಪತ್ರಿಕೆಯ ಸುದ್ದಿ ಅವಳಿಗೆ ಒಂದು ನೆಪವೂ ಆಗಿತ್ತು. ಅದು ತಿಳಿದಾಗ ನನ್ನ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಆ ನೆಪವನ್ನು ಅವಳ ಕೈಗೆ ಕೊಟ್ಟದ್ದು ನಮ್ಮ ಮನೆಯೇ ಅಲ್ಲವೆ?

“ನಾನು ಪಕ್ಕದಲ್ಲೇ ಇರ್ತೀನಿ,” ಎಂದೆ.

“ನೀವಾ?”

“ನಾನೇ.”

ಬಳ್ಳಾರಿಯಲ್ಲಿ ಸರ್ಜನ್ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಯಾರೆಂದು ಹೇಳಿದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರರೋಗಿಗಳ ಸಾಲು ಬಾಗಿಲವರೆಗೂ ನಿಂತಿತ್ತು.

“ಆ ಪೇಪರಿನವರು ನೀವೇನಾ? ಆಗಲೇ ಚರ್ಮ ಹಾಕಿದ್ದಿದ್ದರೆ ಈ ಎರಡು ಬೆರಳು ಹೀಗಾಗ್ತಿರಲಿಲ್ಲ. ಈಗ ಮೊದಲು ಇದನ್ನೆಲ್ಲ ಬಿಡಿಸಬೇಕು. ಬಿಡಿಸಿದರೂ ಪೂರ್ತಿ ಬರೋ ಗ್ಯಾರಂಟಿ ಇಲ್ಲ. ಗೊತ್ತಾಯ್ತಾ ನಿಮಗೆ?”

ಗೊತ್ತಾಯ್ತು ಸರ್ ಎಂದೆ. ನಾನು ಹಾಗೆ ಹೇಳಿರಲಿಲ್ಲ, ಅಪ್ಪನಿಗೆ ತಿಳಿಯದೆ ಆದದ್ದು ಎಂದು ವಿವರಿಸುವ ಆಸೆಯಾಯಿತು. ಅದನ್ನು ಬಿಟ್ಟೆ. ಒಂದನ್ನು ಮಾತ್ರ ಕೇಳಿದೆ. ತೊಡೆಯ ಕಡೆಯ ಕೆಲಸಕ್ಕೆ, ಡ್ರೆಸಿಂಗಿಗೆ ಹೆಂಗಸರೇ ಇರಲು ಸಾಧ್ಯವೇ ಎಂದು. ಅವರು ಅವಳ ಮುಖ ನೋಡಿದರು. “ಇದನ್ನ ಆಗಲೇ ಹೇಳೋದಲ್ವೇನಮ್ಮಾ?” ಎಂದರು. ದನಿ ಮೆತ್ತಗಾಗಿತ್ತು. ಅವರ ಜೊತೆ ಕೆಲಸ ಕಲಿಯುತ್ತಿದ್ದ ವೈದ್ಯೆಯೊಬ್ಬರನ್ನು ಕರೆದು ಅವಳ ಜವಾಬ್ದಾರಿ ಒಪ್ಪಿಸಿದರು.

ಕಾಲುವೆಗೆ ನೀರು ಬಿಟ್ಟು ಕಣೇಕಲ್ಲಿನಲ್ಲಿ ಭತ್ತದ ನಾಟಿ ಶುರುವಾಗಿತ್ತು. ತಾಯಿ ಕೂಲಿ ಬಿಟ್ಟು ಕೂರುವಂತಿರಲಿಲ್ಲ. ಹೆಂಗಸರ ವಾರ್ಡಿನಲ್ಲಿ ಅವಳ ಹಾಸಿಗೆಯ ಪಕ್ಕ ನಾನು ಉಳಿದೆ. ಬೆಳಿಗ್ಗೆ ಅವಳನ್ನು ಒಳಗೆ ಕರೆದೊಯ್ದರು. ಸೆಳೆದುಕೊಂಡಿದ್ದ ಕಲೆಯನ್ನು ಕತ್ತರಿಸಿ ಬಿಡಿಸಿ, ಬೆರಳು ನೆಟ್ಟಗೆ ನಿಲ್ಲಲೆಂದು ಒಳಗೆ ಸಣ್ಣ ತಂತಿ ಹಾಕಿ, ತೊಡೆಯಿಂದ ತೆಳುವಾಗಿ ಹೆರೆದ ಚರ್ಮವನ್ನು ಕೈಯ ಮೇಲೆ ಹಾಸಿ ಹೊಲಿದಿದ್ದರು. ಹೆರೆದ ತೊಡೆಗೆ ಕೊಲಾಜನ್ ಹಾಳೆ ಹೊದಿಸಿದ್ದರು. ಅದೂ ಪ್ರೋಟೀನೇ, ಪ್ರಾಣಿಯ ಚರ್ಮದಿಂದ ತೆಗೆದದ್ದು. ಅದೂ ಒಂದು ಸಾರವೆಯೇ. ಯಾರೋ ಎಷ್ಟೋ ವರ್ಷ ಕೂತು ಹದ ಮಾಡಿ, ಪರೀಕ್ಷೆ ಮುಗಿಸಿ, ಇಲ್ಲಿಯವರೆಗೆ ತಂದಿದ್ದರು. ನರ್ಸು ಅದನ್ನು ಪೊಟ್ಟಣದಿಂದ ತೆಗೆದು ಹಾಕಿ, ಖಾಲಿ ಪೊಟ್ಟಣ ಬುಟ್ಟಿಗೆ ಎಸೆದರಂತೆ, ವೈದ್ಯೆ ಹೇಳಿದರು. ಅದರ ಬಗ್ಗೆ ಯಾವ ಜಿಲ್ಲಾ ಪುಟದಲ್ಲೂ ಬಂದಿರಲಿಲ್ಲ.

ಕೈಗಿಂತ ತೊಡೆಯ ನೋವೇ ಹೆಚ್ಚಾಗಿತ್ತು. ಅವಳು ನನ್ನನ್ನು ಬೈದಳು. ನಿಮ್ಮ ರೇಷ್ಮಿಗೆ ಬೆಂಕಿ ಬೀಳಲಿ ಎಂದಳು. ನಾನು ಅವಳ ತಲೆ ಬಾಚಿದೆ, ಮೂತ್ರದ ಪಾತ್ರೆ ಇಟ್ಟೆ, ಅನ್ನ ಕಲಸಿ ಬಾಯಿಗೆ ಕೊಟ್ಟೆ. ಮೊದಲೆರಡು ದಿನ ಬಾಯಿ ತೆರೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ನನ್ನ ಮುಖ ನೋಡಬಾರದೆಂದು. ನನಗೂ ಅದೇ ಅನುಕೂಲವಾಗಿತ್ತು.

ಒಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಕೈಯಲ್ಲಿ ಕಡಲೆಕಾಯಿಯ ಚೀಲ. ಒಳಗೆ ಬರಲು ಹಿಂಜರಿಯುತ್ತಿದ್ದರು. ನಾನು ಕರೆತಂದೆ. ಅವರು ಹಾಸಿಗೆಯ ಹತ್ತಿರ ನಿಂತು, ಕಟ್ಟು ಹಾಕಿದ ಕೈ ನೋಡಿ, ಅವಳನ್ನು ನೋಡದೆ ಹೇಳಿದರು.

“ನಮ್ಮ ಹುಡುಗಿ ಏನೂ ಹೇಳಿರ್ಲಿಲ್ಲ ಕಣಮ್ಮ. ನಾನೇ ಹೇಳಿದ್ದು. ಮಾರ್ಕೆಟ್ಟಲ್ಲಿ ಎಲ್ರಿಗೂ ಹೇಳ್ಕೊಂಡು ಬಂದಿವ್ನಿ, ನಾನು ಅಂದಿದ್ದು ಸುಳ್ಳು ಅಂತ. ಪೇಪರ್‍ನೋನ್ಗೂ ಹೇಳ್ದೆ. ಅವ್ನು ನಗ್ತಾನೆ.”

ಅಪ್ಪ ಇನ್ನೂ ನಿಂತೇ ಇದ್ದರು. ಕೊನೆಗೆ ಅವಳೇ, “ಕುಂದರ್ರಿ ಯಜಮಾನ್ರ. ನಿಂತು ಕಾಲು ನೋಯ್ತಾವು,” ಎಂದಳು. ಅಪ್ಪ ಸ್ಟೂಲಿನ ತುದಿಯಲ್ಲಿ ಕೂತು ಕಡಲೆಕಾಯಿ ಸುಲಿಯತೊಡಗಿದರು. ಸುಲಿದದ್ದನ್ನು ಅವಳ ಎಡಗೈಗೆ ಹಾಕುತ್ತ ಹೋದರು. ಮನೆಯಲ್ಲಿ ನಾನು ಆಡಿದ ಮಾತುಗಳಿಗೆ ಅವರ ಕ್ಷಮೆ ಕೇಳಬೇಕೆಂದು ಅಲ್ಲೇ ಅನ್ನಿಸಿತು. ಕೇಳಲು ಆಗಲಿಲ್ಲ. ನಾನೂ ಕೂತು ಸುಲಿದೆ.

ಕಟ್ಟು ಬಿಚ್ಚಿದ ದಿನ ಚರ್ಮ ತಿಳಿಗೆಂಪಾಗಿ ಹಿಡಿದುಕೊಂಡಿತ್ತು. ಕಿರುಬೆರಳ ಬುಡದಲ್ಲಿ ಒಂದಿಷ್ಟು ಕಪ್ಪಾಗಿ ಬಿಟ್ಟುಹೋಯಿತು. ಆ ಜಾಗ ವಾಸಿಯಾಗಲು ಮತ್ತೆ ಬಹಳ ದಿನ ಹಿಡಿಯಿತು. ತಂತಿ ತೆಗೆದ ಮೇಲೆ ಬೆರಳು ಮಡಿಸುವ ವ್ಯಾಯಾಮ ಕಲಿಸಿದರು. ನಾನು ಕೆಲಸಕ್ಕೆ ಮರಳಿದೆ. ಬಿಲ್ಲೆಯ ಒಳಗೆ ತಿರುಚಿ ಹುರಿ ಮಾಡದ ರೇಷ್ಮೆ ಎಳೆಗಳನ್ನು ಹಾಸಿ, ಮಡಿಸಿದರೂ ಹರಿಯದಂತೆ ಮಾಡುವ ದಾರಿ ಹಿಡಿದೆ. ಅದು ಸ್ವಲ್ಪ ಮುಂದಕ್ಕೆ ಹೋಯಿತು, ಗೆದ್ದಿತು ಎನ್ನುವ ಹಾಗಿಲ್ಲ. ಊರಿನಲ್ಲಿ ಯಾರಾದರೂ ಕೇಳಿದರೆ ಅಪ್ಪ ಈಗ, “ಅವ್ಳಿಗೇ ಕೇಳಿ,” ಎಂದು ಎದ್ದುಹೋಗುತ್ತಾರೆ.

ಬೇಸಿಗೆ ಕಳೆದ ಮೇಲೆ ರಾಯದುರ್ಗಕ್ಕೆ ಹೋದೆ. ಅವಳಿಗೆ ಇಸ್ತ್ರಿ ಎತ್ತಲು ಆಗುತ್ತಿರಲಿಲ್ಲ. ಪ್ಯಾಂಟಿಗೆ ಅಳತೆಯ ಚೀಟಿ ಅಂಟಿಸುವ ಕಡೆ ಹಾಕಿದ್ದರು, ಅಲ್ಲಿ ಕೂಲಿ ಕಡಿಮೆ. ನನ್ನನ್ನು ಕಂಡು ಎದ್ದು ಬಂದು, ಎದುರಿನ ಅಂಗಡಿಯಲ್ಲಿ ಟೀ ಹೇಳಿದಳು. ನನ್ನ ಗ್ಲಾಸನ್ನು ಬೇಕೆಂದೇ ಬಲಗೈಯಲ್ಲಿ ತಂದಳು. ಹೆಬ್ಬೆರಳೂ ಎರಡು ಬೆರಳೂ ಗ್ಲಾಸನ್ನು ಹಿಡಿದಿದ್ದವು, ಉಳಿದೆರಡು ಬೆರಳು ಬಾಗದೆ ಆಚೆ ನಿಂತಿದ್ದವು. ಕೈ ನಡುಗಿ ಟೀ ತುಳುಕಿತು. ನನ್ನ ಹತ್ತಿರ ಬರುವಷ್ಟರಲ್ಲಿ ಅರ್ಧಕ್ಕರ್ಧ ಚೆಲ್ಲಿತ್ತು. ಇಬ್ಬರೂ ಆ ಕೈಯನ್ನೇ ನೋಡುತ್ತಿದ್ದೆವು.

“ಇಷ್ಟು ಬಂದೈತ್ರಿ,” ಎಂದಳು.

ಪರವಾಗಿಲ್ಲ, ಎಷ್ಟೋ ಸುಧಾರಿಸಿದೆ ಎನ್ನಲು ಬಾಯಿ ತೆರೆದೆ.

“ಇಷ್ಟು ಸಾಲದು,” ಎಂದೆ.

ಅವಳು ನನ್ನ ಮುಖ ನೋಡಿದಳು.

“ಸಾಲದ್ರಿ,” ಎಂದು ಗ್ಲಾಸು ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತಳು.